ಕಟ್ಟಬಾರದ ಚಕ್ರ

ಗಣಿ ಉಸಿರಾಡುತ್ತದೆ ಎಂದು ಗಾಳಿಯಪ್ಪ ಹೇಳಿದರೆ ಹೊಸಬರು ನಗುತ್ತಿದ್ದರು. ಅವನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಕ್ಕವರನ್ನು ಗುಡ್ಡದ ನೆತ್ತಿಯ ಗಾಳಿಮನೆಗೆ ಕರೆದುಕೊಂಡು ಹೋಗಿ, ಚಕ್ರದ ಮುಂದಿನ ಜಾಲರಿಯೆದುರು ನಿಲ್ಲಿಸಿ, ಅಂಗೈ ಚಾಚಿ ಬಾಯಿ ಮುಚ್ಚಿಕೊಂಡಿರಲು ಹೇಳುತ್ತಿದ್ದ. ಅಷ್ಟೇ. ಸ್ವಲ್ಪ ಹೊತ್ತಿಗೆ ನೆಲದ ಆಳದಿಂದ ಬೆಚ್ಚನೆಯ, ಒದ್ದೆ ಕಲ್ಲಿನ ವಾಸನೆಯ ಗಾಳಿಯೊಂದು ಮೇಲೇರಿ ಬಂದು ಅಂಗೈಗೆ ತಾಕುತ್ತಿತ್ತು. ನಕ್ಕವರು ಕೈ ಹಿಂದಕ್ಕೆ ಎಳೆದುಕೊಂಡು ಅದನ್ನೇ ನೋಡಿಕೊಳ್ಳುತ್ತಿದ್ದರು.

ಗಾಳಿಯಪ್ಪ ಎಂಬುದು ಜನ ಇಟ್ಟ ಹೆಸರು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೂ ಹೆಂಡತಿಗೂ ಮಾತ್ರ ಗೊತ್ತಿತ್ತು; ಹೆಂಡತಿ ಅದನ್ನು ಸಿಟ್ಟು ಬಂದಾಗಷ್ಟೇ ಹೊರಗೆ ತೆಗೆಯುತ್ತಿದ್ದಳು.

ಗಾಳಿಮನೆಯ ಕೆಲಸ ಹೇಳಲಿಕ್ಕೆ ಸುಲಭ. ನೆಲದೊಳಗಿನ ಕೆಟ್ಟ ಗಾಳಿಯನ್ನು ಒಂದು ಬಾವಿಯ ಮೂಲಕ ಮೇಲೆಳೆದು ಆಕಾಶಕ್ಕೆ ಬಿಡಬೇಕು. ಆಗ ಇನ್ನೊಂದು ಬಾವಿಯಿಂದ ಒಳ್ಳೆಯ ಗಾಳಿ ತಾನಾಗಿ ಕೆಳಗಿಳಿಯುತ್ತದೆ. ಎಳೆಯುವುದಕ್ಕೆ ಒಂದು ಚಕ್ರ, ಮನೆಯ ಮಾಡಿನಷ್ಟು ಎತ್ತರದ್ದು, ಉಕ್ಕಿನ ರೆಕ್ಕೆಗಳದ್ದು. ಸುತ್ತ ತಗಡಿನ ಗಟ್ಟಿ ಹೊದಿಕೆ, ಪಕ್ಕದಲ್ಲಿ ಅದನ್ನು ತಿರುಗಿಸುವ ಮೋಟರು. ಹೊರಗೆ ತಂಪು ಬಿದ್ದಾಗ ಮೋಟರು ನಿಂತಿದ್ದರೂ ಚಕ್ರ ನಿಲ್ಲುತ್ತಿರಲಿಲ್ಲ. ಒಳಗಿನ ಬೆಚ್ಚನೆ ಗಾಳಿ ಹಗುರಾಗಿ ಮೇಲೆ ಬರುತ್ತ, ಹಾಲು ಕುಡಿದ ಮಗುವನ್ನು ತಾಯಿ ತೂಗಿದ ಹಾಗೆ ಚಕ್ರವನ್ನು ತೂಗುತ್ತಿತ್ತು. ಬಿಸಿಲೇರಿ ಹೊರಗೂ ಒಳಗೂ ಒಂದೇ ಹದವಾದಾಗ ಉಸಿರು ಕಟ್ಟಿದಂತೆ ಚಕ್ರ ನಿಲ್ಲುತ್ತಿತ್ತು. ಮತ್ತೆ ತಂಪಾದರೆ ಮತ್ತೆ ಶುರು.

ಆ ಮನೆಯಲ್ಲಿ ಒಂದೇ ಒಂದು ಕಟ್ಟಳೆ ಇತ್ತು: ಚಕ್ರವನ್ನು ಕಟ್ಟಬಾರದು. ಬಾವಿಯಿಂದ ಚಕ್ರಕ್ಕೆ ಬರುವ ದಾರಿಯ ಗಾಳಿಬಾಗಿಲನ್ನೂ ಮುಚ್ಚಬಾರದು. ಗಾಳಿಯಪ್ಪನಿಗಿಂತ ಮೂರು ತಲೆ ಹಿಂದಿನ ಕಾವಲಿಗನ ಕಾಲದಲ್ಲಿ ಇಡೀ ಗುಡ್ಡದ ಕರೆಂಟು ಹೋಗಿತ್ತಂತೆ. ಕೆಳಗೆ ಒಂದು ಪಾಳಿಯ ಜನವೆಲ್ಲ ಇದ್ದರು. ದುರಸ್ತಿಗೆ ಬಂದವರು ಚಕ್ರಕ್ಕೆ ಸರಪಳಿ ಬಿಗಿಯಲು ಹೊರಟರೆ ಆ ಕಾವಲಿಗ ಅಡ್ಡ ಮಲಗಿಬಿಟ್ಟನಂತೆ. ಕಟ್ಟದ ಚಕ್ರ ತಾನಾಗಿ ತಿರುಗಿತು, ಗಣಿ ತಾನಾಗಿ ಉಸಿರಾಡಿತು. ಕತ್ತಲಲ್ಲಿ ಏಣಿ ಹಿಡಿದು ಒಬ್ಬರ ಹಿಂದೆ ಒಬ್ಬರು ಎಲ್ಲರೂ ಮೇಲೆ ಬಂದರು. ಈ ಕಥೆಯನ್ನು ಕೇಳಿದಾಗಲೆಲ್ಲ ಗಾಳಿಯಪ್ಪನ ಮೈ ಜುಮ್ಮೆನ್ನುತ್ತಿತ್ತು. ಬಿಡುವಾದಾಗ ಚಕ್ರದ ಮುಂದೆ ಕೈಮುಗಿದು ನಿಲ್ಲುವುದೂ ಇತ್ತು, ಯಾರೂ ನೋಡುತ್ತಿಲ್ಲ ಎಂದುಕೊಂಡು.

ನೋಡುತ್ತಿದ್ದವನು ಅಳಿಯ. ಅದೇ ಗಾಳಿಮನೆಯಲ್ಲಿ ವಿದ್ಯುತ್ ಕೆಲಸದವನು. ಮಾವನಿಗೆ ಮಗಳ ಮೂಲಕ ಗಂಟುಬಿದ್ದವನು, ಇಲ್ಲಿ ಕೆಲಸದ ಮೂಲಕವೂ ಗಂಟುಬಿದ್ದ. ಇಬ್ಬರದೂ ಹಗಲೆಲ್ಲ ಜಟಾಪಟಿ. ಅಳಿಯ ಸ್ಪ್ಯಾನರ್ ಬೀಳಿಸಿದರೆ, ಮದುವೆಯಲ್ಲಿ ಉಂಗುರ ಬೀಳಿಸಿದ ಕೈ ಅಲ್ಲವೇ ಅದು ಎಂದು ಮಾವ. ಮಾವ ಕನ್ನಡಕ ಹುಡುಕಿದರೆ, ಹಣೆಯ ಮೇಲಿನ ಬಾಡಿಗೆದಾರನನ್ನು ಕೇಳಿ ನೋಡಿ ಎಂದು ಅಳಿಯ. ಮಾವ ಮಾತಾಡಿದರೆ ಗುಡ್ಡದ ಕೆಳಗಿನ ತನಕ ಕೇಳುತ್ತಿತ್ತು. ಮೋಟರಿನ ಸದ್ದಿನ ಪಕ್ಕದಲ್ಲೇ ಬದುಕು ಸವೆಸಿದವನ ಗಂಟಲು.

ಆ ವರ್ಷ ಹಳೆಯ ಮೋಟರನ್ನು ಇಳಿಸಿ ಹೊಸದನ್ನು ಕೂರಿಸಿದರು. ಅದರ ಜೊತೆಗೆ ಬೀರುವಿನಂಥ ಒಂದು ಪೆಟ್ಟಿಗೆ ಬಂತು, ಡ್ರೈವ್ ಎಂದು. ಮೋಟರಿಗೆ ಎಷ್ಟು ವೇಗ ಬೇಕು, ಎಷ್ಟು ಬಲ ಬೇಕು ಎಂದು ಅಳೆದು ಅಳೆದು ಕರೆಂಟು ಉಣಿಸುವ ಪೆಟ್ಟಿಗೆ ಅದು. ಹಳೆಯದು ಗುಡುಗುತ್ತಿತ್ತು, ಇದು ಗುನುಗುತ್ತಿತ್ತು. ಇಂಥದ್ದನ್ನು ಕೂರಿಸಿದ ಮೇಲೆ ಅದು ಸುರಕ್ಷಿತವೆಂದು ಪರೀಕ್ಷಕರು ಬಂದು ನೋಡಿ ಒಪ್ಪಬೇಕು. ಅವರು ಒಪ್ಪುವ ತನಕ ಗಣಿಗೆ ಬೀಗ. ಗಣಿ ಬಿಕೋ ಎನ್ನುತ್ತಿತ್ತು. ಕೆಳಗೆ ಇದ್ದವರು ಪಂಪಿನ ಕೆಲಸದ ಇಬ್ಬರೇ, ಏಕೆಂದರೆ ನೀರಿಗೆ ರಜೆ ಗೊತ್ತಿಲ್ಲ. ಅವರಲ್ಲಿ ಹಿರಿಯವನಿಗೆ ಮೊಸಳೆ ಎಂದೇ ಹೆಸರು. ಅವರಿಬ್ಬರಿಗೆ ಸಾಕಾಗುವಷ್ಟು ಗಾಳಿಯನ್ನು ಗಣಿ ತನ್ನಷ್ಟಕ್ಕೆ ಎಳೆದುಕೊಳ್ಳುತ್ತಿತ್ತು.

ಪರೀಕ್ಷಕಿ ಬಂದಳು. ಮೆಲುಮಾತಿನ ಹೆಂಗಸು, ನಡುವಯಸ್ಸು. ಹಾಕಿದ ಪ್ರತಿ ಬೀಗವನ್ನೂ, ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಹಗ್ಗ ನೋಡುವವರ ಹಾಗೆ, ಜಗ್ಗಿ ನೋಡುತ್ತಿದ್ದಳು. ಊಟದ ಹೊತ್ತಿಗೆಲ್ಲ ಅವಳಿಗೆ ಬೀಗದಮ್ಮ ಎಂಬ ಹೆಸರು ಗಟ್ಟಿಯಾಗಿತ್ತು. ಅವಳಿಗೂ ಅದು ತಿಳಿಯಿತು, ನಕ್ಕುಬಿಟ್ಟಳು.

ಬೆಳಗಿನಿಂದ ಅವಳು ಮಾಡಿದ್ದನ್ನು ಗಾಳಿಯಪ್ಪ ಕಣ್ಣು ಕೀಲಿಸಿ ನೋಡಿದ. ಚಕ್ರ ಪೂರ್ತಿ ವೇಗದಲ್ಲಿದ್ದಾಗ ನಿಲುಗಡೆಯ ಗುಂಡಿ ಒತ್ತಿಸಿದಳು. ಡ್ರೈವ್ ಮೋಟರಿನ ಬಲವನ್ನು ಕತ್ತರಿಸಿಬಿಟ್ಟಿತು. ನಿಲ್ಲು ಎಂಬ ಆ ಆಜ್ಞೆ ಎರಡು ತಂತಿಗಳಲ್ಲಿ ಹೋಗುತ್ತದೆ. ಮೊದಲು ಒಂದನ್ನು ಕಿತ್ತು ನೋಡಿದಳು, ಆಮೇಲೆ ಇನ್ನೊಂದನ್ನು. ಯಾವುದು ಕಿತ್ತರೂ ಬಲ ಹೋಗಲೇಬೇಕು. ಒಬ್ಬ ಸಾಕ್ಷಿ ಸುಳ್ಳು ಹೇಳಿದರೂ ಇನ್ನೊಬ್ಬ ನಿಜ ಹೇಳುತ್ತಾನಲ್ಲ, ಅದಕ್ಕೆ ಎರಡು ಎಂದಳು. ಮನುಷ್ಯನ ಬುದ್ಧಿ ತನ್ನನ್ನೇ ನಂಬದೆ ಇಷ್ಟು ದೂರ ಯೋಚಿಸಿದೆಯಲ್ಲ ಎಂದು ಗಾಳಿಯಪ್ಪನಿಗೆ ಸೋಜಿಗವಾಯಿತು.

ನಡುಹಗಲಿಗೆ ಕೊನೆಯ ಕೆಲಸ ಉಳಿಯಿತು. ಮೋಟರಿನ ತಂತಿಗಳ ಹೊದಿಕೆ ಗಟ್ಟಿಯಾಗಿದೆಯೇ ಎಂದು ಅಳೆಯಬೇಕು. ಅದಕ್ಕೆ ಮೋಟರಿನ ಮೈಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿನ ಮೂರು ಬೋಲ್ಟು ಬಿಚ್ಚಿ, ಮೂರು ತಂತಿಗಳನ್ನು ಕೈಯಿಂದ ಕಳಚಬೇಕು. ಮೇನ್ ಸ್ವಿಚ್ಚು ಇಳಿಸಿದರು. ಅದನ್ನು ಮತ್ತೆ ಯಾರೂ ಏರಿಸದಂತೆ ಗಾಳಿಯಪ್ಪ ತನ್ನ ಬೀಗ ಹಾಕಿದ, ಅಳಿಯ ತನ್ನದನ್ನು, ಪರೀಕ್ಷಕಿ ತನ್ನದನ್ನು. ಆಕೆ ಮೂರನ್ನೂ ಜಗ್ಗಿದಳು. ಕರೆಂಟು ಕಿತ್ತ ಮೇಲೂ ಡ್ರೈವಿನ ಹೊಟ್ಟೆಯಲ್ಲಿ, ಎಮ್ಮೆಯ ಹೊಟ್ಟೆಯಲ್ಲಿ ಮೇವು ಉಳಿದಂತೆ, ಒಂದಿಷ್ಟು ಉಳಿದಿರುತ್ತದೆ. ಅದು ಕರಗುವ ತನಕ ಕಾದರು. ಚಕ್ರವೂ ಸುತ್ತು ಕಡಿಮೆ ಮಾಡುತ್ತ ಮಾಡುತ್ತ ನಿಂತಿತು. ಹೊರಗೆ ಬಿಸಿಲು ನೆತ್ತಿಯ ಮೇಲಿತ್ತು. ಗಣಿಯ ಉಸಿರು ಕಟ್ಟಿತ್ತು.

ಮೋಟರಿನೊಡನೆ ಬಂದ ಸೂಚನೆಯಲ್ಲಿ, ಪೆಟ್ಟಿಗೆ ತೆರೆಯುವ ಮುನ್ನ ಚಕ್ರ ತಿರುಗದಂತೆ ತಡೆಯಬೇಕು ಎಂದು ಒಂದು ಸಾಲಿತ್ತು. ಅದಕ್ಕೆಂದೇ ಒಂದು ಕೆಂಪು ಬಣ್ಣದ ಉಕ್ಕಿನ ಗೂಟವೂ ಬಂದಿತ್ತು. ಪರೀಕ್ಷಕಿ ಗೂಟ ಕೇಳಿದಳು. ಗಾಳಿಯಪ್ಪ ಅದನ್ನು ತನ್ನ ಸಾಮಾನಿನ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ; ಕೊಡಲಿಲ್ಲ. ಈ ಮನೆಯಲ್ಲಿ ಚಕ್ರ ಕಟ್ಟುವುದಿಲ್ಲಮ್ಮ ಎಂದ. ಸರಪಳಿಯ ಕಥೆ ಹೇಳಿದ. ಕೆಳಗೆ ಇಬ್ಬರಿದ್ದಾರೆ ಎಂದೂ ಹೇಳಿದ.

ಆಕೆ ಪೂರ್ತಿ ಕೇಳಿಸಿಕೊಂಡಳು. ಚಕ್ರದ ತಗಡಿನ ಹೊದಿಕೆಗೆ ಒಂದು ಸುತ್ತು ಬಂದಳು, ಜಾಲರಿಯನ್ನು ಜಗ್ಗಿದಳು. ರೆಕ್ಕೆಗೆ ಯಾರ ಬೆರಳೂ ತಾಗುವಂತಿರಲಿಲ್ಲ. ತಡೆ ಹಾಕಬೇಕೆಂಬ ಸಾಲು ಬೆರಳು ಸಿಕ್ಕೀತೆಂಬ ಭಯಕ್ಕೆ ಬರೆದದ್ದು ಎಂದು ಆಕೆಯ ತಿಳಿವಳಿಕೆ; ಇಲ್ಲಿ ಆ ಭಯವಿಲ್ಲ, ಇನ್ನೊಂದು ಕಡೆ ಇಬ್ಬರ ಗಾಳಿಯ ಪ್ರಶ್ನೆ. ಆಯಿತು ಎಂದಳು. ಆದರೆ ಕರೆಂಟಿದೆಯೇ ಎಂದು ನೋಡುವ ಟೆಸ್ಟರಿನ ಕ್ಲಿಪ್ಪುಗಳನ್ನು ಬೋಲ್ಟಿನಿಂದ ತೆಗೆಯಬಾರದು, ಕೆಲಸ ಮುಗಿಯುವ ತನಕ ಕಚ್ಚಿಕೊಂಡೇ ಇರಲಿ. ಅದು ಆಕೆಯ ರೂಢಿ.

ಅಳಿಯ ಟೆಸ್ಟರನ್ನು ಬೋಲ್ಟಿಗೆ ಸಿಕ್ಕಿಸಿದ. ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಸಣ್ಣ ದೀಪಗಳಿದ್ದ ಟೆಸ್ಟರು ಅದು. ಕರೆಂಟು ಹೆಚ್ಚಿದಷ್ಟೂ ಹೆಚ್ಚು ಮೆಟ್ಟಿಲು ಉರಿಯುತ್ತವೆ. ಒಂದೂ ಉರಿಯಲಿಲ್ಲ. ಸತ್ತಿದೆ ಎಂದ ಅಳಿಯ. ಸತ್ತದ್ದು ಖಾತ್ರಿಯಾದ ಮೇಲೆ ಎಲ್ಲರೂ ಮಾಡುವ ಹಾಗೆ ದಪ್ಪ ಕೈಗವಸು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಬೋಲ್ಟುಗಳು ಹಟ ಮಾಡುತ್ತಿದ್ದವು. ಮೊದಲನೆಯದರ ಜೊತೆಗೇ ಬಹಳ ಹೊತ್ತು ಗುದ್ದಾಡಿದ. ಅತ್ತೆಮನೆಯ ಊಟ ಎಲ್ಲಿಗೆ ಹೋಯಿತು ಎಂದು ಮಾವ ಕೆಣಕಿದ. ಮಾವನ ಮಾತು ಕೇಳಿಯೇ ಅರಗಿತು ಎಂದ ಅಳಿಯ, ತಲೆಯೆತ್ತದೆ. ಪರೀಕ್ಷಕಿ ಹೊರಗಿನ ಮೆಟ್ಟಿಲ ಮೇಲೆ ನೀರು ಕುಡಿಯುತ್ತಿದ್ದಳು.

ಆಗ ಮೋಡ ಬಂತು. ಗುಡ್ಡದ ಆಚೆಯಿಂದ, ಯಾರೋ ಕಂಬಳಿ ಹೊದಿಸಿದಂತೆ, ಬಿಸಿಲನ್ನು ಮುಚ್ಚಿತು. ತೆರೆದ ಬಾಗಿಲಿನಿಂದ ತಂಪು ಒಳಗೆ ಸುಳಿಯಿತು. ಗಾಳಿಯಪ್ಪನಿಗೆ ಕುತ್ತಿಗೆಯ ಹಿಂದೆ ಅದು ತಾಕಿತು. ಕಣ್ಣು ತಾನಾಗಿ ಅರೆಮುಚ್ಚಿತು. ಇನ್ನು ಗಣಿ ಉಸಿರುಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಜನ್ಮವಿಡೀ ನೋಡಿದ್ದರೂ ಆ ಗಳಿಗೆ ಅವನಿಗೆ ಹಳೆಯದಾಗಿರಲಿಲ್ಲ. ಜಾಲರಿಯೆದುರು ಹೋಗಿ ನಿಂತ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ದೊಡ್ಡ ರೆಕ್ಕೆಯೊಂದು ಕದಲಿತೋ ಇಲ್ಲವೋ ಎಂಬಂತೆ ಕದಲಿತು, ಅದರ ಹಿಂದೆ ಮತ್ತೊಂದು. ಸದ್ದಿಲ್ಲ. ಕೆಳಗಿನ ಇಬ್ಬರಿಗೆ ಗಾಳಿ ಸಿಕ್ಕಿತು ಎಂದುಕೊಂಡು ಅವನ ಕೈಗಳು ಎದೆಯ ಹತ್ತಿರ ಬಂದವು.

ಚಕ್ರ ಹದವಾಗಿ ತಿರುಗತೊಡಗಿತು. ಅವನು ಅಳಿಯನಿಗೆ ಏನೋ ಕುಚೋದ್ಯ ಹೇಳಬೇಕೆಂದು ಮುಖ ತಿರುಗಿಸಿದ.

ಟೆಸ್ಟರಿನ ಕೆಳಗಿನ ದೀಪ ಉರಿಯುತ್ತಿತ್ತು.

ಮೊದಲು ಅವನಿಗೆ ಅದು ಅರ್ಥವಾಗಲಿಲ್ಲ. ಎದುರುಗೋಡೆಯ ಮೇನ್ ಸ್ವಿಚ್ಚು ನೋಡಿದ; ಮೂರು ಬೀಗವೂ ನೇತಾಡುತ್ತಿದ್ದವು. ಡ್ರೈವ್ ನೋಡಿದ, ಅದರ ಮುಖ ಕಪ್ಪಾಗಿತ್ತು. ಎಲ್ಲಿಂದಲೂ ಏನೂ ಬರುವ ದಾರಿಯಿರಲಿಲ್ಲ. ಎರಡನೆಯ ದೀಪ ಹೊತ್ತಿಕೊಂಡಿತು. ಚಕ್ರ ಇನ್ನೊಂದಿಷ್ಟು ಬಿರುಸಾಯಿತು, ಮೂರನೆಯದು ಹೊತ್ತಿಕೊಂಡಿತು. ದೀಪ ಏರುತ್ತಿದ್ದುದು ಚಕ್ರದ ಲಯಕ್ಕೆ. ಆಗ ಗಾಳಿಯಪ್ಪನಿಗೆ ಹೊಳೆಯಿತು. ಹಳೆಯ ಮೋಟರಿನ ಒಡಲಲ್ಲಿ ಬರಿಯ ಕಬ್ಬಿಣ, ತಾಮ್ರ. ಕರೆಂಟು ಬಂದಾಗ ಮಾತ್ರ ಅದಕ್ಕೆ ಜೀವ. ಹೊಸದರ ಒಡಲಲ್ಲಿ, ಕೂರಿಸಲು ಬಂದವರು ಹೇಳಿದ್ದಂತೆ, ಅಯಸ್ಕಾಂತದ ಬಿಲ್ಲೆಗಳಿವೆ, ಅವು ಯಾವತ್ತೂ ಮಲಗುವುದಿಲ್ಲ. ಯಾರು ತಿರುಗಿಸಿದರೂ ಸರಿ, ತಿರುಗಿದರೆ ಮೋಟರೇ ಕರೆಂಟು ಹೆರುತ್ತದೆ. ಮೂರು ಬೀಗ ಹಾಕಿದ್ದು ಹೊರಗಿನಿಂದ ಬರುವುದಕ್ಕೆ. ಒಳಗೇ ಹುಟ್ಟುವುದಕ್ಕೆ ಬೀಗ ಎಲ್ಲಿ? ಅವನು ಕಾಪಾಡಿಕೊಂಡು ಬಂದ ಉಸಿರು, ಅವನು ಕೈಮುಗಿದ ಉಸಿರು, ನೆಲದ ಹೊಟ್ಟೆಯಿಂದ ಎದ್ದು ಬಂದು ಅಳಿಯನ ಬರಿಗೈಯ ಪಕ್ಕದ ತಾಮ್ರದಲ್ಲಿ ನಿಂತಿತ್ತು.

ಅಳಿಯ ಬೆನ್ನು ಹಾಕಿ ಬಗ್ಗಿದ್ದ. ಟೆಸ್ಟರು ಅವನ ಮೊಣಕೈಯ ಹಿಂದಿತ್ತು, ಕಾಣುತ್ತಿರಲಿಲ್ಲ. ಮೊದಲ ಬೋಲ್ಟಿಗೆ ಎಣ್ಣೆ ಬಿಟ್ಟು ನೆನೆಯಲೆಂದು ಬಿಟ್ಟಿದ್ದ. ಈಗ ಬಟ್ಟೆಯ ತುಂಡಿನಿಂದ ಪೆಟ್ಟಿಗೆಯ ಅಂಚಿನ ಎಣ್ಣೆ ಒರೆಸುತ್ತಿದ್ದ. ಎರಡು ಬೋಲ್ಟಿನ ನಡುವೆ ಅವನ ಬೆರಳುಗಳು ಹೋಗಿ ಬರುತ್ತಿದ್ದವು. ಬಾಯಲ್ಲಿ ಏನೋ ಹಾಡು.

ಕೂಗು ಗಂಟಲಿಗೆ ಬಂದಿತ್ತು, ಗುಡ್ಡದ ಕೆಳಗಿನ ತನಕ ಕೇಳುವ ಕೂಗು. ಗಾಳಿಯಪ್ಪ ಅದನ್ನು ನುಂಗಿದ. ಕೂಗಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಕೈ ತಾಗುತ್ತದೆ. ಹತ್ತಿರ ಹೋಗಿ, ಮಲಗಿದ ಕೂಸಿನ ತೊಟ್ಟಿಲ ಪಕ್ಕ ಮಾತಾಡುವವನ ದನಿಯಲ್ಲಿ ಹೇಳಿದ:

"ಅಪ್ಪಾ, ಕೈ ಅಲ್ಲೇ ನಿಲ್ಲಿಸು. ಈಗ ಮೆಲ್ಲಗೆ ನಿನ್ನ ಕಡೆಗೆ ತಗೋ. ನೇರವಾಗಿ. ಹಾಂ."

ಹಾಡು ನಿಂತಿತು. ಕೈ ನಿಂತಿತು. ಆಮೇಲೆ, ಅಳತೆ ಹಿಡಿದಂತೆ, ಎರಡೂ ಕೈ ಹೊರಗೆ ಬಂದವು. ಅಳಿಯ ಹಿಂದೆ ಸರಿದ, ತಿರುಗಿದ, ದೀಪಗಳನ್ನು ನೋಡಿದ. ಅಷ್ಟರಲ್ಲಿ ಅವು ಅರ್ಧ ಏಣಿ ಏರಿದ್ದವು. ಅಲ್ಲೇ ನೆಲಕ್ಕೆ ಕುಳಿತ.

"ನೀವು ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳೇ ಇರಲಿಲ್ಲ ಮಾವ," ಎಂದ. "ಯಾರೋ ಸತ್ತುಹೋದರು ಅನ್ಕೊಂಡೆ."

ಗಾಳಿಯಪ್ಪನಿಗೆ ದೀಪಗಳಿಂದ ಕಣ್ಣು ಕೀಳಲಾಗಲಿಲ್ಲ. ಭಯವಾಗಿರಲಿಲ್ಲವೆಂದಲ್ಲ. ಆದರೆ ಆ ಭಯದ ಮೇಲೆ ಬೇರೊಂದು ಇತ್ತು. ಯಾರೂ ಹೊತ್ತಿಸದ ದೀಪ. ಎಣ್ಣೆಯಿಲ್ಲ, ಕರೆಂಟಿಲ್ಲ, ಬರಿಯ ನೆಲದ ಬಿಸುಪು ಮತ್ತು ಆಕಾಶದ ತಂಪು ಒಂದನ್ನೊಂದು ಹುಡುಕಿಕೊಂಡು ಹೊರಟದ್ದಕ್ಕೆ ಹೊತ್ತಿಕೊಂಡ ದೀಪ. ಚಕ್ರ ಉಸಿರೆಳೆದಂತೆ ಅದು ಏರುತ್ತಿತ್ತು, ಉಸಿರು ಸಡಿಲವಾದರೆ ಒಂದು ಮೆಟ್ಟಿಲು ಇಳಿಯುತ್ತಿತ್ತು. ಇಷ್ಟು ಕಾಲ ಅಂಗೈಗೆ ತಾಕಿದ್ದು ಇವತ್ತು ಕಣ್ಣಿಗೆ ಕಾಣುತ್ತಿದೆ ಎಂದು ಅನ್ನಿಸಿತು. ಇಷ್ಟು ದೊಡ್ಡದರ ಪಕ್ಕದಲ್ಲಿ ತಾನು ಬುತ್ತಿ ಬಿಚ್ಚಿ ಉಂಡು, ಅಳಿಯನ ಜೊತೆ ಜಗಳವಾಡಿ, ನಿದ್ದೆಗಣ್ಣಲ್ಲಿ ಕೂತು ದಿನ ಕಳೆದೆನಲ್ಲ ಎಂದೂ.

ಪರೀಕ್ಷಕಿ ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಆಕೆ ತಿರುಗುವ ಚಕ್ರ ನೋಡಿದಳು, ಬೀಗ ನೋಡಿದಳು, ದೀಪ ನೋಡಿದಳು. ಅಭ್ಯಾಸಬಲದಿಂದ ಒಂದು ಬೀಗಕ್ಕೆ ಕೈ ಹೋಯಿತು, ಜಗ್ಗದೆ ಬಿಟ್ಟಳು.

"ಆ ಸಾಲು ಬೆರಳಿಗೆ ಅಂತ ತಿಳ್ಕೊಂಡಿದ್ದೆ," ಎಂದಳು. "ಅದು ಇದಕ್ಕೆ."

ಕುಳಿತಿದ್ದ ಅಳಿಯನ ಪಕ್ಕದಲ್ಲಿ ಆಕೆಯೂ ಕುಳಿತಳು. ಮೂವರೂ ದೀಪಗಳನ್ನೇ ನೋಡಿದರು, ಕಾವ್ಯ ಓದುವಲ್ಲಿ ಕುಳಿತವರು ಪದ್ಯ ಮುಗಿದ ಮೇಲೂ ಏಳದಿರುವ ಹಾಗೆ. ಆಮೇಲೆ ಆಕೆ, ತಾನು ಒಪ್ಪಬಾರದಿತ್ತು ಎಂದಳು. ತಾನು ಗೂಟ ಕೊಡಬೇಕಿತ್ತು ಎಂದ ಗಾಳಿಯಪ್ಪ. ತಪ್ಪನ್ನು ಇಬ್ಬರೂ ಹಂಚಿಕೊಳ್ಳಿ, ಒಂದು ಪಾಲು ನನಗೂ ಬಿಡಿ, ಕೈ ನನ್ನದಲ್ಲವೇ ಎಂದ ಅಳಿಯ. ಆಗ ಎಲ್ಲರಿಗೂ ಒಂದಿಷ್ಟು ನಗು ಬಂತು, ಅಳುವಿಗೆ ಹತ್ತಿರದ್ದು.

ಆದರೆ ಕೆಲಸ ಹಾಗೇ ಉಳಿದಿತ್ತು. ತಂತಿ ಕಳಚದೆ ಪರೀಕ್ಷೆ ಮುಗಿಯದು. ಚಕ್ರ ಕಟ್ಟದೆ ತಂತಿಗೆ ಕೈ ಹಾಕುವಂತಿಲ್ಲ. ಪರೀಕ್ಷಕಿ ಗೂಟ ಕೇಳಲಿಲ್ಲ. ಗಾಳಿಯಪ್ಪನ ಮುಖ ನೋಡಿದಳು. ಕಟ್ಟಿದರೆ ಕೆಳಗಿನ ಇಬ್ಬರ ಉಸಿರು, ಕಟ್ಟದಿದ್ದರೆ ಅಳಿಯನದು. ಕಟ್ಟಬಾರದು ಎಂದು ಅಡ್ಡ ಮಲಗಿದವನ ಕಥೆ ಗಾಳಿಯಪ್ಪನ ತಲೆಯಲ್ಲಿ ಮೊದಲಿನಿಂದ ಮತ್ತೆ ಓಡಿತು. ಆ ಕಾವಲಿಗ ಮಲಗಿದ್ದು ಚಕ್ರಕ್ಕಾಗಿ ಅಲ್ಲ. ಚಕ್ರಕ್ಕೆ ಏನು, ಅದು ಕಬ್ಬಿಣ. ಕೆಳಗೆ ಜನ ಇದ್ದರು, ಅದಕ್ಕೆ ಮಲಗಿದ. ಜನವೇ ಇಲ್ಲದಿದ್ದರೆ ಮಲಗುತ್ತಿದ್ದನೇ? ಸರಪಳಿ ತಾನೇ ಎತ್ತಿಕೊಡುತ್ತಿದ್ದ.

ಗಾಳಿಯಪ್ಪ ಗೋಡೆಯ ಫೋನೆತ್ತಿ ಕೆಳಗೆ ಗಂಟೆ ಹೊಡೆದ. ಇಬ್ಬರೂ ಮೇಲೆ ಬರಬೇಕು ಎಂದ. ಪಂಪು ಬಿಟ್ಟು ಹೇಗೆ ಬರುವುದು ಎಂದು ಮೊಸಳೆ ತಕರಾರು ತೆಗೆದ. ಪಂಪು ತಾನಾಗಿ ಓಡುತ್ತದೆ, ನೀನೇನು ಅದಕ್ಕೆ ತುತ್ತು ಕೊಡುತ್ತೀಯಾ ಎಂದು ಗಾಳಿಯಪ್ಪ ಗದರಿದ. ದನಿ ಪೂರ್ತಿ ಹಿಂದಿರುಗಿತ್ತು. ಮೊಸಳೆ ಕಾರಣ ಕೇಳಿದ.

"ಚಕ್ರ ಕಟ್ತೀನಿ ಕಣಯ್ಯ," ಎಂದ ಗಾಳಿಯಪ್ಪ.

ಬಂದೆವು ಎಂದಿತು ಮೊಸಳೆಯ ದನಿ, ಮತ್ತೆ ಏನೂ ಕೇಳದೆ.

ಅವರು ಬರುವ ತನಕ ಪರೀಕ್ಷಕಿ ಮುಂದೆ ಇಲ್ಲಿ ಏನಾಗಬೇಕು ಎಂದು ಜೋರಾಗಿ ಯೋಚಿಸಿದಳು. ಗೂಟವನ್ನು ಯಾರೂ ಕೀಳದಂತೆ ಬೀಗ ಹಾಕಲು ಅದಕ್ಕೂ ಒಂದು ಕಣ್ಣು ಬೇಕು. ಅದು ಬರುವ ತನಕ ಒಪ್ಪಿಗೆ ಇಲ್ಲ; ಗಣಿ ಇನ್ನೂ ಕೆಲವು ದಿನ ಕಾಯಬೇಕು. ಗಾಳಿಯಪ್ಪ ಅದಕ್ಕೆ ತಕರಾರು ಮಾಡಲಿಲ್ಲ. ಒಂದೇ ಮಾತು ಸೇರಿಸಿದ: ಸೂಚನೆಯಲ್ಲಿ ಗೂಟದ ಮಾತಿಗೂ ಮೊದಲು, ಬೀಗದ ಮಾತಿಗೂ ಮೊದಲು, ಕೆಳಗೆ ಯಾರೂ ಇಲ್ಲ ಎಂಬುದು ಬರಬೇಕು. ಆಕೆ ತಲೆಯಾಡಿಸಿದಳು. ಮೋಟರು ಮಾಡಿದವರಿಗೆ ಗಣಿ ಗೊತ್ತಿರಲಿಲ್ಲ, ಅವರು ಅದನ್ನು ಬರೆದಿಲ್ಲ, ನಾವು ಬರೆಯೋಣ ಎಂದಳು.

ಮೊಸಳೆಯೂ ಅವನ ಜೊತೆಗಾರನೂ ಮೊಣಕಾಲ ತನಕ ಒದ್ದೆಯಾಗಿ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದು ನಿಂತರು. ಗಾಳಿಯಪ್ಪ ಇಬ್ಬರ ಭುಜವನ್ನೂ ಮುಟ್ಟಿ ನೋಡಿದ. ಆಮೇಲೆ ಗಾಳಿಬಾಗಿಲಿನ ತಿರುಗಣೆ ಹಿಡಿದ. ಆ ಬಾಗಿಲು ಮುಚ್ಚಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅದು ಕಿರುಗುಟ್ಟಿತು, ಮಿಸುಕಾಡಿತು, ಕೊನೆಗೆ ಅರ್ಧ ಸರಿಯಿತು. ಚಕ್ರದ ಗತಿ ಇಳಿಯಿತು. ದೀಪಗಳು ಒಂದೊಂದೇ ಮೆಟ್ಟಿಲು ಕೆಳಗಿಳಿದವು. ಕೊನೆಯದು ಆರಿದಾಗ ಅಳಿಯ ಬೀರುವಿನಿಂದ ಗೂಟ ತಂದು ಕೊಟ್ಟ. ಗಾಳಿಯಪ್ಪ ಅದನ್ನು ಹಣೆಗೆ ಒತ್ತಿಕೊಂಡು, ಮೋಟರಿನ ದಂಡದ ತೂತಿಗೆ ಸೇರಿಸಿ, ಅಂಗೈಯಿಂದ ಗುದ್ದಿದ. ಉಕ್ಕಿಗೆ ಉಕ್ಕು ಕಚ್ಚಿಕೊಂಡಿತು. ಚಕ್ರ ನಿಂತಿತು.

ಅಳಿಯ ಟೆಸ್ಟರನ್ನು ಕರೆಂಟಿದ್ದ ಬೇರೆ ಕಡೆ ಹೊತ್ತಿಸಿ, ದೀಪಗಳು ಸರಿಯಿವೆ ಎಂದು ನೋಡಿಕೊಂಡು, ಮತ್ತೆ ಮೂರೂ ಬೋಲ್ಟಿಗೆ ಹಿಡಿದ. ಕತ್ತಲೆ. ಪರೀಕ್ಷಕಿ ತಾನೂ ಹಿಡಿದು ನೋಡಿದಳು. ಆದರೂ ಅಳಿಯನ ಕೈ ಪೆಟ್ಟಿಗೆಯ ಬಾಯಿಯ ತನಕ ಹೋಗಿ ನಿಂತಿತು. ಅವನು ಮಾವನ ಕಡೆ ನೋಡಿದ.

ಗಾಳಿಯಪ್ಪ ಗೂಟದ ಮೇಲೆ ಅಂಗೈ ಊರಿ ನಿಂತಿದ್ದ. ಅರ್ಧ ತೆರೆದ ಬಾಗಿಲಿನಿಂದ ಗಣಿಯ ಉಸಿರು ಬಂದು ರೆಕ್ಕೆಗಳಿಗೆ ಒತ್ತುತ್ತಿತ್ತು. ಆ ಒತ್ತಡ ದಂಡಕ್ಕೆ ಇಳಿದು, ಗೂಟಕ್ಕೆ ಇಳಿದು, ಅವನ ಅಂಗೈಯಲ್ಲಿ ಸಣ್ಣಗೆ ಅದುರುತ್ತಿತ್ತು. ಒಂದು ಗುಡ್ಡ ತನ್ನ ಕೈಗೆ ತಲೆಯಾನಿಸಿದ ಹಾಗೆ.

"ಹಾಕು ಕೈ," ಎಂದ. "ನಾನು ಹಿಡ್ಕೊಂಡಿದೀನಿ."

ಅಳಿಯ ಕೈ ಹಾಕಿದ. ಗೂಟ ಆನೆಯನ್ನಾದರೂ ತಡೆಯುವಂಥದ್ದು, ಅದಕ್ಕೆ ಯಾರ ಅಂಗೈಯೂ ಬೇಕಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಮೊಸಳೆ ಮಾತ್ರ ಹೊರಗಿನ ಮೆಟ್ಟಿಲ ಮೇಲೆ ಕಾಲು ಒಣಗಿಸಿಕೊಳ್ಳುತ್ತ, ಕೆಳಗೆ ಯಾವಾಗ ಇಳಿಯಬಹುದು ಎಂದು ಕೇಳಿದ. ಮೊದಲ ಬೋಲ್ಟು ಸಡಿಲವಾಗಿತ್ತು. ನಾನು ಕೈ ತೆಗೆದ ಮೇಲೆ, ಎಂದ ಗಾಳಿಯಪ್ಪ, ತಿರುಗಿ ನೋಡದೆ.